ನಮ್ಮ ಅಂಗಳದ ಮಳೆ ಯಾರ ಮನೆಗೆ ಹೋಯಿತು?

ಬೆಂಗಳೂರಿನ ನಮ್ಮ ಗಲ್ಲಿ ಇಳಿಜಾರಿನಲ್ಲಿದೆ. ಮೇಲ್ತುದಿಯಲ್ಲಿ ಅಂಗಡಿ ಸಾಲು, ನಡುವೆ ನಮ್ಮಂಥವರ ಮನೆಗಳು, ಕೆಳತುದಿಯಲ್ಲಿ ರಾಜಕಾಲುವೆಗೆ ಅಂಟಿಕೊಂಡಂತೆ ಶೀಟಿನ ಮನೆಗಳು. ಜೋರು ಮಳೆ ಬಂದ ರಾತ್ರಿ ಮೇಲಿನವರು ಕಿಟಕಿ ಮುಚ್ಚಿ ಮಲಗುತ್ತೇವೆ. ಕೆಳಗಿನವರು ಹಾಸಿಗೆ, ಅಕ್ಕಿಚೀಲ, ಮಕ್ಕಳ ಪುಸ್ತಕಗಳನ್ನು ಮಂಚದ ಮೇಲೆ ಪೇರಿಸಿ ಬೆಳಗಿನವರೆಗೆ ಎದ್ದು ಕೂರುತ್ತಾರೆ.

ಅಂಥ ಒಂದು ರಾತ್ರಿಯ ಮರುದಿನ, ಕೆಳಗಿನ ಸಾಲಿನಲ್ಲಿ ಬಟ್ಟೆ ಹೊಲಿಯುವ ಖಾಲಾ ಒಬ್ಬರು ಮೇಲೆ ಬಂದರು. ಅವರ ಹೊಲಿಗೆಯಂತ್ರದ ಮೋಟಾರು ನೀರಿನಲ್ಲಿ ಮುಳುಗಿ ಕೆಟ್ಟಿತ್ತು, ಈದ್‌ಗೆ ಒಪ್ಪಿಕೊಂಡಿದ್ದ ಬಟ್ಟೆಗಳು ಕೆಸರಾಗಿದ್ದವು. ಅವರು ಜಗಳ ಆಡಲಿಲ್ಲ. ಮಾಳಿಗೆಯಿಂದ ಇಳಿದು ರಸ್ತೆಗೆ ಬಾಯಿ ತೆರೆದಿದ್ದ ನಮ್ಮ ಪೈಪುಗಳನ್ನು ಒಂದೊಂದಾಗಿ ನೋಡಿದರು. “ಬೇಟಾ, ನಿಮ್ಮ ಮನೆ ಮೇಲೆ ಬಿದ್ದ ಮಳೆ ನಿಮ್ಮದೇ ತಾನೆ? ಅದನ್ನು ನೀವೇ ಯಾಕೆ ಇಟ್ಟುಕೊಳ್ಳಬಾರದು?” ಎಂದರು.

ನಾವು ಉತ್ತರ ಕೊಡಲಿಲ್ಲ. ಕೊಡಲು ಇರಲಿಲ್ಲ. ಈ ಬರಹ ಆ ಪ್ರಶ್ನೆಗೆ ತಡವಾಗಿ ಹುಡುಕಿದ ಉತ್ತರ. ಹುಡುಕುತ್ತ ಹೋದಾಗ ತಿಳಿದದ್ದೇನೆಂದರೆ, ಮಳೆಯನ್ನು ಇಟ್ಟುಕೊಳ್ಳುವುದು ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತಿತ್ತು. ನಾವು ಅದನ್ನು ಮರೆತಿದ್ದೇವೆ, ಮರೆತದ್ದಕ್ಕೂ ಒಂದು ಚರಿತ್ರೆ ಇದೆ.

ಕನ್ನಡದಲ್ಲಿ ಇದಕ್ಕೆ ಎಷ್ಟು ಸೊಗಸಾದ ಪದವಿದೆ ನೋಡಿ: ಇಂಗುಗುಂಡಿ. ನೀರು ಹರಿಯುತ್ತದೆ, ನಿಲ್ಲುತ್ತದೆ, ಇಂಗುತ್ತದೆ. ಹರಿಯುವುದು ಕಾಲುವೆಯ ಕೆಲಸ, ನಿಲ್ಲುವುದು ಕೆರೆಯ ಕೆಲಸ, ಇಂಗುವುದು ನೆಲದ ಕೆಲಸ. ಈ ಮೂರೂ ಸೇರಿದರೆ ಊರು. ಈಗಿನ ನಗರಕ್ಕೆ ಹರಿಸುವುದೊಂದೇ ಗೊತ್ತು. ಇಂಗಿಸಲು ಬಾರದೆ ಮಳೆಗಾಲದಲ್ಲಿ ಇಂಗು ತಿಂದ ಮಂಗನಂತೆ ಕೂರುತ್ತದೆ.

ನೀರನ್ನು ಊರಿನಿಂದ ಆಚೆ ಸಾಗಿಸುವ ವಿದ್ಯೆ ಬಹಳ ಹಳೆಯದು. ನಾಲ್ಕು ಸಾವಿರ ವರ್ಷಗಳಿಗೂ ಹಿಂದಿನ ಮೊಹೆಂಜೊದಾರೊದ ಬೀದಿಗಳಲ್ಲಿ ಇಟ್ಟಿಗೆಯ ಚರಂಡಿಗಳಿದ್ದವು, ಅವುಗಳ ಮೇಲೆ ಮುಚ್ಚಳವಿತ್ತು. ಅಲ್ಲಲ್ಲಿ ಕೆಸರು ತಂಗಲೆಂದು ಗುಂಡಿಗಳನ್ನೂ ಕಟ್ಟಿದ್ದರು. ಹರಿಯುವ ನೀರು ಒಂದು ಕ್ಷಣ ನಿಂತು ತನ್ನ ಹೊರೆ ಇಳಿಸಿ ಮುಂದೆ ಹೋಗಬೇಕೆಂಬ ತಿಳಿವಳಿಕೆ ಅವರಿಗಿತ್ತು. ಇಂದು ನಮ್ಮ ಇಂಗುಬಾವಿಯ ಪಕ್ಕದಲ್ಲಿ ಕಟ್ಟುವ ಹೂಳಿನ ತೊಟ್ಟಿಗೂ ಅದೇ ತತ್ವ.

ನೆಲದೊಳಗಿನ ನೀರಿನ ವಿದ್ಯೆಯೂ ಹಳೆಯದೇ. ಪರ್ಷಿಯಾದ ಗಣಿತಜ್ಞ ಅಲ್ ಕರಜಿ ಕ್ರಿ.ಶ. 1017ರ ಸುಮಾರಿಗೆ, ಅಡಗಿರುವ ನೀರನ್ನು ಹೊರತರುವ ಬಗೆಗೇ ಅರಬ್ಬಿಯಲ್ಲಿ ಒಂದು ಗ್ರಂಥ ಬರೆದ. ಮಳೆ ಮತ್ತು ಹಿಮದ ನೀರು ನೆಲಕ್ಕೆ ಇಳಿದು ಒರತೆಯಾಗಿ ಬರುವುದನ್ನು, ಭೂಮಿಯೊಳಗೆ ಕಾಲುವೆ ಕೊರೆಯುವುದನ್ನು, ಮಟ್ಟ ಅಳೆಯುವುದನ್ನು ಅದರಲ್ಲಿ ವಿವರಿಸಿದ. ಆ ವಿದ್ಯೆ ದಖ್ಖನ್ನಿಗೂ ಬಂತು. ಬೀದರಿನ ನೌಬಾದಿನಲ್ಲಿರುವ ಕರೇಜ್ ಬಹಮನಿ ಕಾಲದ್ದು. ನೆಲದಡಿಯ ಸುರಂಗ, ಅದರ ಉದ್ದಕ್ಕೂ ಬೆಳಕು ಗಾಳಿಗಾಗಿ, ನೀರು ಸೇದಲಿಕ್ಕಾಗಿ ಇಪ್ಪತ್ತಕ್ಕೂ ಹೆಚ್ಚು ಬಾವಿಕಂಡಿಗಳು. ಮೇಲಿನ ಮುರಕಲ್ಲು ಮಳೆಯನ್ನು ಹೀರುತ್ತದೆ, ಕೆಳಗಿನ ಕರಿಕಲ್ಲು ಅದನ್ನು ತಡೆಯುತ್ತದೆ. ಈ ಎರಡೂ ಕೂಡುವ ಕಡೆ ಸುರಂಗ ಕೊರೆದರೆ ನೀರು ತಾನಾಗಿ ಬಂದು ಸೇರುತ್ತದೆ. ಪಂಪು ಬೇಡ, ಕರೆಂಟು ಬೇಡ. ಮುಂದೆ ಅದು ಹೂಳು, ಕಸಗಳಲ್ಲಿ ಮುಚ್ಚಿಹೋಯಿತು. 2014ರ ನಂತರ ಹೂಳು ತೆಗೆಯುವ ಕೆಲಸ ನಡೆದಾಗಲೇ ಅನೇಕರಿಗೆ ತಮ್ಮ ಕಾಲಡಿಯಲ್ಲಿ ಏನಿತ್ತೆಂಬುದು ಕಂಡದ್ದು.

ವಿಜಾಪುರದ ಆದಿಲ್‌ಶಾಹಿಗಳು ತೊರವಿಯ ಕಡೆಯಿಂದ ಊರಿಗೆ ನೀರು ತಂದರು. ಇಬ್ರಾಹೀಂ ಆದಿಲ್‌ಶಾಹನ ಕಾಲದಲ್ಲಿ, 1620ರಲ್ಲಿ, ತಾಜ್ ಬಾವಡಿ ಆಯಿತು. 1651ರಲ್ಲಿ ಮಹಮ್ಮದ್ ಆದಿಲ್‌ಶಾಹ ಬೇಗಂ ತಾಲಾಬ್ ಕಟ್ಟಿಸಿದ. ಕೊಳವೆಯಲ್ಲಿ ಬರುವ ನೀರಿನ ಒತ್ತಡ ಇಳಿಸಲು ದಾರಿಯುದ್ದಕ್ಕೂ ಗಂಜ್ ಎಂಬ ಗೋಪುರಗಳನ್ನು ನಿಲ್ಲಿಸಿದರು. ಗೋಲಗುಮ್ಮಟ ನೋಡಲು ಹೋಗುವ ನಾವು ಗಂಜ್‌ಗಳ ಮುಂದೆ ನಿಲ್ಲುವುದಿಲ್ಲ. ರಾಜರ ಗೋರಿಗಳು ಚರಿತ್ರೆ ಆದಷ್ಟು ಸುಲಭವಾಗಿ ಪ್ರಜೆಗಳ ನೀರು ಚರಿತ್ರೆ ಆಗುವುದಿಲ್ಲ.

ಇನ್ನು ನಮ್ಮ ಬೆಂಗಳೂರು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲೆ ಕೂತ ಊರಿದು. ದೊಡ್ಡ ನದಿ ಇಲ್ಲ. ಬಿದ್ದ ಮಳೆ ಒಂದೆಡೆ ಹೆಬ್ಬಾಳ, ಕೋರಮಂಗಲ-ಚಲ್ಲಘಟ್ಟ ಕಣಿವೆಗಳ ಮೂಲಕ ದಕ್ಷಿಣ ಪಿನಾಕಿನಿಗೂ, ಇನ್ನೊಂದೆಡೆ ವೃಷಭಾವತಿಯ ಮೂಲಕ ಅರ್ಕಾವತಿಗೂ ಇಳಿಯುತ್ತದೆ. ನದಿಯಿಲ್ಲದ ಊರಿನವರು ಮಳೆಯನ್ನೇ ನದಿ ಮಾಡಿಕೊಂಡರು. ಕಣಿವೆಗೆ ಅಡ್ಡವಾಗಿ ಏರಿ ಹಾಕಿ ಕೆರೆ ಕಟ್ಟಿದರು. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ರಾಜಕಾಲುವೆಯಲ್ಲಿ ಕೆಳಗಿನ ಕೆರೆಗೆ, ಅಲ್ಲಿಂದ ಮುಂದಿನದಕ್ಕೆ. ಹೀಗೆ ಸರಮಾಲೆ. ತೂಬು ಎತ್ತುವುದಕ್ಕೆ, ಇಳಿಸುವುದಕ್ಕೆ ನೀರಗಂಟಿ ಇದ್ದ. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂಬುದು ಅವನ ಲೆಕ್ಕ. ರಾಜಕಾಲುವೆ ಎಂಬ ಹೆಸರನ್ನು ಗಮನಿಸಬೇಕು. ಅದು ಕೊಳಕು ಸಾಗಿಸುವ ಮೋರಿಯಾಗಿರಲಿಲ್ಲ, ಕೆರೆಯಿಂದ ಕೆರೆಗೆ ಮಳೆ ನಡೆದು ಹೋಗುವ ದಾರಿಯಾಗಿತ್ತು.

ಪೇಟೆ ಮತ್ತು ದಂಡಿನ ನಡುವೆ ಸಂಪಂಗಿ ಕೆರೆ ಇತ್ತು. ಅದರ ನೀರು ನಂಬಿ ತಿಗಳರು ಹೂವು, ತರಕಾರಿ ಬೆಳೆಯುತ್ತಿದ್ದರು. ಆ ಸಮುದಾಯದ ಕರಗ ಇಂದಿಗೂ ಚೈತ್ರ ಹುಣ್ಣಿಮೆಯ ರಾತ್ರಿ ಧರ್ಮರಾಯನ ಗುಡಿಯಿಂದ ಹೊರಟು ಕಾಟನ್‌ಪೇಟೆಯ ತವಕ್ಕಲ್ ಮಸ್ತಾನರ ದರ್ಗಾಕ್ಕೆ ಬಂದು ಹೋಗುತ್ತದೆ. ಸೌಹಾರ್ದದ ಮಾತು ಬಂದಾಗ ನಾವೆಲ್ಲ ಈ ಉದಾಹರಣೆ ಕೊಡುತ್ತೇವೆ. ಆದರೆ ಕರಗ ನೀರಿನ ಹಬ್ಬವೂ ಹೌದೆಂಬುದನ್ನು ಮರೆಯುತ್ತೇವೆ. ಕರಗ ಇನ್ನೂ ಬರುತ್ತದೆ. ಕೆರೆ ಮಾತ್ರ ಇಲ್ಲ. ಅದರ ನೆಲದ ಮೇಲೆ ಕಂಠೀರವ ಕ್ರೀಡಾಂಗಣ ಎದ್ದಿತು, ಆಚರಣೆಗೆಂದು ಒಂದು ಪುಟ್ಟ ಕೊಳವಷ್ಟೇ ಉಳಿಯಿತು. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು. ಸಿದ್ದಿಕಟ್ಟೆ ಮಾರುಕಟ್ಟೆಯಾಯಿತು. ಕೋರಮಂಗಲದ ಒಂದು ಕೆರೆಯಂಗಳದಲ್ಲಿ 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕಾಗಿ ವಸತಿ ಸಮುಚ್ಚಯ ಎದ್ದಿತು.

ಕೆರೆಗಳು ಏಕೆ ಸತ್ತವು? ದುರಾಸೆಯಿಂದ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸಬಹುದು. ಆದರೆ ಅದಕ್ಕೂ ಮೊದಲು ಇನ್ನೊಂದು ನಡೆಯಿತು. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, 1894ರಲ್ಲಿ, ಹೆಸರಘಟ್ಟದಿಂದ ಕೊಳಾಯಿ ನೀರು ತರುವ ಯೋಜನೆ ಆರಂಭವಾಯಿತು. ಮಿರ್ಜಾ ಇಸ್ಮಾಯಿಲ್ ಅವರು ದಿವಾನರಾಗಿದ್ದ 1933ರಲ್ಲಿ ತಿಪ್ಪಗೊಂಡನಹಳ್ಳಿಯ ಚಾಮರಾಜಸಾಗರ ಬಂತು. 1974ರಲ್ಲಿ ಕಾವೇರಿಯ ಮೊದಲ ಹಂತ. ಇವೆಲ್ಲ ಅಗತ್ಯದ ಕೆಲಸಗಳೇ, ದೂರಬೇಕಾಗಿಲ್ಲ. ಆದರೆ ನೀರು ನಲ್ಲಿಯಲ್ಲಿ ಬರತೊಡಗಿದ ದಿನದಿಂದ ಕೆರೆ ಬೇಕಾದ ವಸ್ತುವಾಗಿ ಉಳಿಯಲಿಲ್ಲ. ಅತ್ತ 1898ರ ಪ್ಲೇಗು ಊರನ್ನು ನಡುಗಿಸಿತ್ತು. ಗಾಳಿ, ಬೆಳಕು, ಚರಂಡಿಗಳ ವಿಚಾರ ಮುಂದೆ ಬಂತು, ಬಸವನಗುಡಿ, ಮಲ್ಲೇಶ್ವರಗಳಂಥ ಬಡಾವಣೆಗಳು ಆ ಕಾಲದವು. ನಿಂತ ನೀರೆಂದರೆ ಸೊಳ್ಳೆ, ಸೊಳ್ಳೆ ಎಂದರೆ ಮಲೇರಿಯಾ ಎಂಬ ಭಯವೂ ಸೇರಿತು. ಕುಡಿಯುವ ನೀರು ದೂರದಿಂದ ಬರಲಿ, ಬಿದ್ದ ನೀರು ಬೇಗನೆ ತೊಲಗಲಿ ಎಂಬುದೇ ನಗರದ ನಂಬಿಕೆಯಾಯಿತು. ನಮ್ಮ ಮಾಳಿಗೆಯ ಪೈಪು ರಸ್ತೆಗೆ ಬಾಯಿ ತೆರೆದದ್ದು ಆ ನಂಬಿಕೆಯಿಂದಲೇ.

ನಮ್ಮ ಬಾಲ್ಯದಲ್ಲಿ ಇದೇ ಗಲ್ಲಿಯ ಮನೆಗಳಿಗೆ ಮಂಗಳೂರು ಹೆಂಚಿತ್ತು, ಮುಂದೆ ಮಣ್ಣಿನ ಅಂಗಳ, ಹಿತ್ತಲಲ್ಲಿ ಸೇದುವ ಬಾವಿ. ಮೊದಲ ಮಳೆ ಹೆಂಚು ತೊಳೆದು ಹೋಗಲೆಂದು ಕಾದು, ಎರಡನೆಯ ಮಳೆಗೆ ನಾನಿ ಸೂರಿನಡಿ ತಾಮ್ರದ ಹಂಡೆ ಇಡುತ್ತಿದ್ದರು. ಆ ನೀರಿನಲ್ಲಿ ಬೇಳೆ ಬೇಗ ಬೇಯುತ್ತದೆಂದು ಹೇಳುತ್ತಿದ್ದರು. ಹಂಡೆ ತುಂಬಿ ಚೆಲ್ಲಿದ್ದು ಅಂಗಳಕ್ಕೆ, ಅಂಗಳದ್ದು ನೆಲಕ್ಕೆ, ನೆಲದ್ದು ಬಾವಿಗೆ. ಯಾರೂ ಇದನ್ನು ಯೋಜನೆ ಎಂದು ಕರೆಯಲಿಲ್ಲ. ಅಂಗಳಕ್ಕೆ ಸಿಮೆಂಟು ಬಿತ್ತು. ಬಾವಿಗೆ ಮೊದಲು ಕಸ, ಆಮೇಲೆ ಚಪ್ಪಡಿ ಬಿತ್ತು. ಅದರ ಮೇಲೆ ಈಗ ಸ್ಕೂಟರ್ ನಿಲ್ಲುತ್ತದೆ.

ಎಚ್ಚರಿಸುವವರು ಇರಲಿಲ್ಲವೆಂದಲ್ಲ. ಬೆಂಗಳೂರಿನ ಕೆರೆಗಳನ್ನು ಉಳಿಸುವ ದಾರಿ ಹೇಳಲು 1985ರಲ್ಲೇ ಎನ್. ಲಕ್ಷ್ಮಣರಾವ್ ಸಮಿತಿ ನೇಮಕವಾಗಿತ್ತು. ‘ಅಡಿಕೆ ಪತ್ರಿಕೆ’ಯ ಶ್ರೀಪಡ್ರೆ ಅವರು ನೆಲ-ಜಲದ ಮಾತನ್ನು ಕನ್ನಡದ ಹಳ್ಳಿಹಳ್ಳಿಗೆ ಕೊಂಡೊಯ್ದರು. ವಿಜ್ಞಾನಿ ಎ.ಆರ್. ಶಿವಕುಮಾರ್ ಅವರು 1990ರ ದಶಕದಿಂದಲೇ ಬೆಂಗಳೂರಿನ ತಮ್ಮ ಮನೆಯಲ್ಲಿ ಕಾವೇರಿ ಸಂಪರ್ಕವಿಲ್ಲದೆ ಮಳೆನೀರಿನಲ್ಲೇ ಸಂಸಾರ ನಡೆಸಿ ತೋರಿಸಿದರು. 2009ರಲ್ಲಿ ಜಲಮಂಡಳಿಯ ಕಾನೂನಿಗೆ ತಿದ್ದುಪಡಿಯಾಗಿ, 2,400 ಚದರ ಅಡಿ ಮತ್ತು ಅದಕ್ಕಿಂತ ದೊಡ್ಡ ನಿವೇಶನದ ಹಳೆಯ ಕಟ್ಟಡಗಳಿಗೂ, 1,200 ಚದರ ಅಡಿ ಮತ್ತು ಅದಕ್ಕಿಂತ ದೊಡ್ಡ ನಿವೇಶನದ ಹೊಸ ಕಟ್ಟಡಗಳಿಗೂ ಮಳೆನೀರು ಸಂಗ್ರಹ ಕಡ್ಡಾಯವಾಯಿತು. ಮನೆ, ಅಂಗಡಿ ಎಂಬ ಭೇದ ಅದರಲ್ಲಿಲ್ಲ. ಆದರೆ ಕಾನೂನು ಬಂದಲ್ಲೆಲ್ಲ ಗುಂಡಿ ಬರಲಿಲ್ಲ. ಪರಿಶೀಲನೆಗೆ ಬಂದವರಿಗೆ ತೋರಿಸಲೆಂದು ಒಂದು ನೀಲಿ ಡ್ರಮ್ಮು, ಅದಕ್ಕೊಂದು ಪೈಪು ಸಿಕ್ಕಿಸಿದರೆ ಆಯಿತು. ನಮ್ಮ ಗಲ್ಲಿಯೂ ಹಾಗೇ ನುಣುಚಿಕೊಂಡಿತು.

ಮರೆವಿಗೆ ಬೆಲೆ ತೆರುವ ದಿನಗಳು ಬಂದೇ ಬಂದವು. 2022ರ ಸೆಪ್ಟೆಂಬರ್ ಮೊದಲ ವಾರ ಒಂದೇ ರಾತ್ರಿ 130 ಮಿ.ಮೀ. ಮೀರಿ ಮಳೆ ಸುರಿಯಿತು. ಬೆಳ್ಳಂದೂರು, ಮಹದೇವಪುರದ ಕಡೆ ಬಂಗಲೆಗಳೊಳಗೆ ದೋಣಿ ಹೋಯಿತು, ಐಟಿ ಕಂಪನಿಗಳ ನೌಕರರು ಟ್ರ್ಯಾಕ್ಟರ್ ಹತ್ತಿದರು. ಅದೇ ಮಳೆಯಲ್ಲಿ ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯ ಕಾವೇರಿ ಪಂಪ್‌ಹೌಸ್ ಮುಳುಗಿದ್ದರಿಂದ ಊರಿನ ನಲ್ಲಿಗಳೂ ಒಣಗಿದವು. ಬೀದಿಯಲ್ಲಿ ಸೊಂಟದುದ್ದ ನೀರು, ಮನೆಯಲ್ಲಿ ಕುಡಿಯಲು ನೀರಿಲ್ಲ! ಒಂದೂವರೆ ವರ್ಷ ಕಳೆಯುವಷ್ಟರಲ್ಲಿ, 2024ರ ಮಾರ್ಚಿನಲ್ಲಿ, ನಗರದ ಸುಮಾರು 14 ಸಾವಿರ ಸರ್ಕಾರಿ ಕೊಳವೆಬಾವಿಗಳಲ್ಲಿ ಅರ್ಧದಷ್ಟು ಬತ್ತಿಹೋದವೆಂದು ಸರ್ಕಾರವೇ ಹೇಳಿತು. ಟ್ಯಾಂಕರಿನ ಬೆಲೆಗೆ ಮಿತಿ ಹಾಕಬೇಕಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು. ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ನೀರೆತ್ತಿ ತರುವ ಊರು, ತಲೆಯ ಮೇಲೆ ಪುಕ್ಕಟೆ ಬಿದ್ದದ್ದನ್ನು ಮೋರಿಗೆ ಬಿಡುತ್ತದೆ.

ಎಷ್ಟು ಬೀಳುತ್ತದೆ? ಲೆಕ್ಕ ಹಾಕಿ ನೋಡೋಣ. ಬೆಂಗಳೂರಿನ ಸರಾಸರಿ ಮಳೆ ವರ್ಷಕ್ಕೆ ಸುಮಾರು 970 ಮಿ.ಮೀ. 1,200 ಚದರ ಅಡಿಯ ಮಾಳಿಗೆಯ ಮೇಲೆ ಅದು ಒಂದು ಲಕ್ಷ ಲೀಟರಿಗೂ ಹೆಚ್ಚು. 50 ಮಿ.ಮೀ. ಸುರಿದ ಒಂದೇ ಸಂಜೆ ಆ ಮಾಳಿಗೆಯಿಂದ ಐದೂವರೆ ಸಾವಿರ ಲೀಟರ್ ರಸ್ತೆಗೆ ಇಳಿಯುತ್ತದೆ. ಗಲ್ಲಿಯಲ್ಲಿ ಅಂಥ ನಲವತ್ತು ಮಾಳಿಗೆಗಳಿದ್ದರೆ ಎರಡು ಲಕ್ಷ ಲೀಟರಿಗೂ ಮೇಲೆ. ಖಾಲಾ ಮನೆಗೆ ನುಗ್ಗಿದ್ದು ಅದು. ಅದನ್ನು ನಾವು ‘ಪ್ರಕೃತಿ ವಿಕೋಪ’ ಎನ್ನುತ್ತಿದ್ದೆವು.

ನಮ್ಮ ಗಲ್ಲಿಯಲ್ಲಿ ಮೊದಲ ಇಂಗುಬಾವಿ ತೋಡಿದ್ದು ಮಸೀದಿಯ ಹಿಂಬದಿಯಲ್ಲಿ. ಅದೂ ಸುಲಭಕ್ಕೆ ಆಗಲಿಲ್ಲ. ಅಡಿಪಾಯ ಕುಸಿದೀತು ಎಂದರು ಕೆಲವರು, ಮಕ್ಕಳು ಬಿದ್ದಾರು ಎಂದರು ಇನ್ನು ಕೆಲವರು. ಅಂಗಡಿಯವರ ತಕರಾರೇ ಬೇರೆ: ಗಿರಾಕಿಯ ಗಾಡಿ ನಿಲ್ಲಿಸಲು ಇರುವುದೇ ಆರಡಿ ಜಾಗ, ಅದರಲ್ಲಿ ಗುಂಡಿ ತೋಡಿದರೆ ವ್ಯಾಪಾರ ಎಲ್ಲಿ? ಈ ಭಯಗಳೆಲ್ಲ ಸುಳ್ಳಲ್ಲ, ಆದರೆ ಎಲ್ಲಕ್ಕೂ ಉತ್ತರವಿತ್ತು. ಗೋಡೆಯಿಂದ ಹತ್ತಡಿ ದೂರವಿದ್ದರೆ ಅಡಿಪಾಯಕ್ಕೆ ತೊಂದರೆಯಿಲ್ಲ. ಮೇಲೆ ಗಟ್ಟಿ ಸ್ಲ್ಯಾಬು ಮುಚ್ಚಿದರೆ ಮಕ್ಕಳೂ ಓಡಾಡಬಹುದು, ಗಾಡಿಯೂ ನಿಲ್ಲಬಹುದು.

ತೋಡಲು ಬಂದವರು ಮಣ್ಣು ಒಡ್ಡರು. ಬೆಂಗಳೂರಿನ ಸುತ್ತಮುತ್ತಲ ಬಾವಿಗಳನ್ನು ತಲೆಮಾರುಗಳಿಂದ ತೋಡಿದ ಜನ, ಭೋವಿಗಳೆಂದೂ ಕರೆಯುತ್ತಾರೆ. ಕೆರೆ ಕಟ್ಟಿಸಿದ ದೊರೆಯ ಹೆಸರು ಕಲ್ಲಿನ ಮೇಲಿದೆ. ಮಣ್ಣು ಹೊತ್ತವರ ಹೆಸರು ಎಲ್ಲೂ ಇಲ್ಲ. ಬೋರ್‌ವೆಲ್ ಲಾರಿಗಳು ಬಂದ ಮೇಲೆ ಇವರ ಹಾರೆ ಗುದ್ದಲಿಗೆ ಕೆಲಸ ಕಡಿಮೆಯಾಗಿತ್ತು. ಬೆಂಗಳೂರಿಗೆ ಹತ್ತು ಲಕ್ಷ ಇಂಗುಬಾವಿ ಎಂಬ ಆಂದೋಲನ 2015ರ ಹೊತ್ತಿಗೆ ಶುರುವಾದ ಮೇಲೆ ಅವರಿಗೆ ಮತ್ತೆ ಕರೆ ಬರತೊಡಗಿತು. ಕಬ್ಬನ್ ಪಾರ್ಕಿನ ಹಳೆಯ ಬಾವಿಗಳ ಹೂಳು ತೆಗೆದು ನೀರು ಕಾಣಿಸಿದವರೂ ಈ ಸಮುದಾಯದವರೇ.

ಬಂದ ಹಿರಿಯರು ನೆಲ ನೋಡಿ, ಒಂದು ಹಿಡಿ ಮಣ್ಣು ತೆಗೆದು ಉಜ್ಜಿ, “ಇಲ್ಲಿ ಕುಡೀತದೆ” ಎಂದರು. ಮೂರಡಿ ಅಗಲ, ಇಪ್ಪತ್ತಡಿ ಆಳ. ಒಬ್ಬರು ಒಳಗೆ, ಇಬ್ಬರು ಹಗ್ಗ ಹಿಡಿದು ಮೇಲೆ. ತೋಡಿದ ಮೇಲೆ ಸಿಮೆಂಟಿನ ರಿಂಗುಗಳನ್ನು ಒಂದರ ಮೇಲೊಂದು ಇಳಿಸಿದರು. ಸಂದಿಗೆ ಗಾರೆ ಮೆತ್ತಲಿಲ್ಲ, ಅಲ್ಲಿಂದಲೇ ನೀರು ಹೊರಹೋಗಬೇಕು. ರಿಂಗಿನ ಸುತ್ತ ಜಲ್ಲಿ ತುಂಬಿದರು. ಮಾಳಿಗೆಯ ಪೈಪು ನೇರವಾಗಿ ಬಾವಿಗೆ ಇಳಿಯುವುದಿಲ್ಲ, ಮೊದಲು ಹೂಳಿನ ತೊಟ್ಟಿಗೆ, ಅಲ್ಲಿ ಮಣ್ಣು, ಎಲೆ ತಂಗಿದ ಮೇಲೆ ಬಾವಿಗೆ. ಅಂಥ ಬಾವಿ ಒಂದು ಸಲಕ್ಕೆ ಸುಮಾರು 4,000 ಲೀಟರ್ ಹಿಡಿಯುತ್ತದೆ, ಹಿಡಿಯುತ್ತಲೇ ಇಂಗಿಸುತ್ತದೆ.

ಕೆಲಸ ಮುಗಿಸಿ ಕೈತೊಳೆಯುತ್ತ ಆ ಹಿರಿಯರು ಹೇಳಿದ ಮಾತು ಯಾವ ಕಾನೂನಿನಲ್ಲೂ ಇಲ್ಲ. “ತೋಡೋದು ದೊಡ್ಡದಲ್ಲ ಸಾಬ್ರೇ. ವರ್ಷಕ್ಕೊಂದ್ಸಲ ಹೂಳು ತೆಗೀಲಿಲ್ಲ ಅಂದ್ರೆ ಇದು ಬಾವಿಯಲ್ಲ, ಕಸದ ಡಬ್ಬಿ.” ಬೀದರಿನ ಕರೇಜ್ ಮುಚ್ಚಿಹೋದ ಚರಿತ್ರೆಯನ್ನೇ ಅವರು ಒಂದು ವಾಕ್ಯದಲ್ಲಿ ಹೇಳಿದ್ದರು.

ಮಸೀದಿಯ ನಂತರ ಮನೆಗಳು ಒಂದೊಂದಾಗಿ ಮುಂದೆ ಬಂದವು. ಅಂಗಡಿ ಸಾಲಿನವರು ಕೊನೆಗೆ ಹಣ ಕೂಡಿಸಿ ನಾಲ್ಕು ಅಂಗಡಿಗೆ ಒಂದರಂತೆ ತೋಡಿಸಿದರು. ಗ್ಯಾರೇಜಿನವನ ಅಂಗಳದ ನೀರನ್ನು ಮಾತ್ರ ಬಿಡಲಿಲ್ಲ. ಎಣ್ಣೆ ಬೆರೆತ ನೀರು ಒಮ್ಮೆ ನೆಲಕ್ಕಿಳಿದರೆ ಅದನ್ನು ಯಾವ ಒಡ್ಡನೂ ಮೇಲೆತ್ತಲಾರ. ಕಕ್ಕಸು ಗುಂಡಿಯ ಹತ್ತಿರವೂ ತೋಡಬಾರದು. ಬೆಂಗಳೂರಿನ ಕೆಂಪುಮಣ್ಣಿಗೆ ಒಪ್ಪುವುದು ಎಲ್ಲ ನೆಲಕ್ಕೂ ಒಪ್ಪುವುದಿಲ್ಲ. ಮಲೆನಾಡಿನ ಕಡಿದಾದ ಗುಡ್ಡದಲ್ಲಿ ಮನಬಂದಂತೆ ನೀರಿಂಗಿಸಿದರೆ ಗುಡ್ಡವೇ ಜಾರೀತು. ನೆಲದ ಗುಣ ಕೇಳದೆ ಗುಂಡಿ ತೋಡಬಾರದೆಂಬುದು ಅಲ್ ಕರಜಿಗೂ ಗೊತ್ತಿತ್ತು, ನಮ್ಮ ಒಡ್ಡರ ಹಿರಿಯರಿಗೂ ಗೊತ್ತಿತ್ತು.

ಇಷ್ಟಾಗಿ ಖಾಲಾ ಮನೆಗೆ ನೀರು ನುಗ್ಗುವುದು ನಿಂತಿತೆ? ನಿಂತಿತೆಂದು ಬರೆದರೆ ಕತೆಗೆ ಚೆನ್ನ, ಆದರೆ ಸುಳ್ಳಾಗುತ್ತದೆ. ಸಾಧಾರಣ ಮಳೆಗೆ ಈಗ ಅವರ ಹೊಸ್ತಿಲು ದಾಟುವುದಿಲ್ಲ. ದೊಡ್ಡ ಮಳೆಗೆ ದಾಟುತ್ತದೆ. ಏಕೆಂದರೆ ರಾಜಕಾಲುವೆ ಕಿರಿದಾಗಿದೆ, ಅದರ ಮುಂದಿನ ಕೆರೆಯಿಲ್ಲ, ನಮ್ಮ ಗಲ್ಲಿಯ ಮೇಲೆ ಇನ್ನೂ ಹತ್ತು ಗಲ್ಲಿಗಳಿವೆ. ಮನೆಮನೆಯ ಗುಂಡಿ ಕೆರೆಗೆ ಬದಲಿಯಲ್ಲ. 2016ರಲ್ಲಿ ರಾಜಕಾಲುವೆ ತೆರವೆಂದು ಬುಲ್ಡೋಜರ್ ಬಂದಾಗ, ಮಂಜೂರಾದ ನಕ್ಷೆ ನಂಬಿ ಮನೆ ಕೊಂಡವರೂ ಬೀದಿಗೆ ಬಿದ್ದರು. ಕಾಲುವೆ ಉಳಿಯಲೇಬೇಕು. ಆದರೆ ಕಾಲುವೆಯ ದಡದಲ್ಲಿ ಬಡವ ಏಕೆ ಮನೆ ಮಾಡಿದ, ಊರಿನ ಎತ್ತರದ ನೆಲ ಯಾರ ಪಾಲಾಯಿತು ಎಂದು ಕೇಳದೆ ಆಡುವ ನೀರಿನ ಮಾತು ಅರ್ಧ ಮಾತು.

ಕಳೆದ ಮಳೆಗಾಲದಲ್ಲಿ ಖಾಲಾ ಮತ್ತೆ ಮೇಲೆ ಬಂದರು. ಮಸೀದಿಯ ಹಿಂದಿನ ಮುಚ್ಚಳದ ಮೇಲೆ ಕಿವಿಯಿಟ್ಟಂತೆ ಬಾಗಿ, ಒಳಗೆ ನೀರು ಬೀಳುವ ಸದ್ದು ಕೇಳಿದರು. “ಇದಿಷ್ಟು ನನ್ನ ಮನೆಗೆ ಬರಬೇಕಿತ್ತು” ಎಂದು ನಕ್ಕರು. ಆಮೇಲೆ ಗಲ್ಲಿಯ ಮೇಲ್ತುದಿಯನ್ನು ತೋರಿಸಿ, “ಅವರಿಗೆ ಯಾರು ಹೇಳುವುದು?” ಎಂದರು.

ಮೇಲಿನ ಗಲ್ಲಿಯವರ ಬಳಿ ಹೋಗಬೇಕಾಗಿದೆ. ನಾವು ಹೂಳಿನ ತೊಟ್ಟಿ ಬಳಿದು ಸ್ವಚ್ಛ ಮಾಡಿಕೊಂಡೇ ಹೊರಡುತ್ತೇವೆ.